ಬೆಳೆಯುವ ಮೂಳೆ ಮತ್ತು ಶುಶ್ರೂಷೆಯ ಕೈ

ಮೂಳೆ ಮತ್ತು ಕೀಲುಗಳ ಚಿಕಿತ್ಸಾಶಾಸ್ತ್ರಕ್ಕೆ ಇಂದು ಬಳಕೆಯಲ್ಲಿರುವ ‘ಆರ್ಥೋಪೆಡಿಕ್ಸ್’ ಎಂಬ ಹೆಸರು ಹುಟ್ಟಿದ್ದೇ ಮಕ್ಕಳ ಸಲುವಾಗಿ. 1741ರಲ್ಲಿ ಫ್ರಾನ್ಸಿನ ವೈದ್ಯ ನಿಕೊಲಾ ಆಂದ್ರಿ ಅವರು ತಮ್ಮ ಪುಸ್ತಕಕ್ಕೆ ಹೆಸರಿಡುವಾಗ, ನೆಟ್ಟಗಿರುವುದು ಎಂಬ ಅರ್ಥದ ಒಂದು ಗ್ರೀಕ್ ಪದವನ್ನೂ ಮಗು ಎಂಬ ಅರ್ಥದ ಇನ್ನೊಂದನ್ನೂ ಜೋಡಿಸಿ ಈ ಹೊಸ ಮಾತನ್ನು ಕಟ್ಟಿದರು. ಡೊಂಕಾಗಿ ಬೆಳೆಯುತ್ತಿರುವ ಮರವನ್ನು ಗೂಟಕ್ಕೆ ಹಗ್ಗದಿಂದ ಬಿಗಿದು ಕಟ್ಟಿರುವ ಅದರೊಳಗಿನ ಚಿತ್ರ ಇಂದಿಗೂ ಅನೇಕ ಮೂಳೆವೈದ್ಯ ಸಂಘಗಳ ಲಾಂಛನವಾಗಿ ಉಳಿದಿದೆ. ತೋಟದ ಕೆಲಸ ಬಲ್ಲವರಿಗೆ ಆ ಚಿತ್ರ ಹೇಳದೆ ಬಿಟ್ಟ ಸಂಗತಿಯೊಂದು ಕೂಡಲೇ ಹೊಳೆದೀತು. ಕಟ್ಟಿದ ಹಗ್ಗವನ್ನು ಹಾಗೆಯೇ ಬಿಟ್ಟರೆ, ಕಾಂಡ ದಪ್ಪವಾಗುತ್ತ ಹೋದಂತೆ ಅದೇ ಹಗ್ಗ ತೊಗಟೆಯೊಳಕ್ಕೆ ಇಳಿದು ಗಿಡವನ್ನು ಕೊರೆಯುತ್ತದೆ. ಆದ್ದರಿಂದ ಕಟ್ಟುವುದು ಒಂದು ದಿನದ ಕೆಲಸವಾದರೆ, ದಿನವೂ ನೋಡಿ, ಸಡಿಲಿಸಿ, ಮತ್ತೆ ಕಟ್ಟುವುದು ವರ್ಷಗಳ ಕೆಲಸ. ಮಕ್ಕಳ ಮೂಳೆ, ಕೀಲು, ಸ್ನಾಯು ಮತ್ತು ಚಲನೆಯ ತೊಂದರೆಗಳಲ್ಲಿ ಮೊದಲನೆಯ ಕೆಲಸ ಬಹುಮಟ್ಟಿಗೆ ವೈದ್ಯರದು, ಎರಡನೆಯದು ಶುಶ್ರೂಷಕಿಯದು ಮತ್ತು ಆಕೆಯಿಂದ ಕಲಿತ ಮನೆಯವರದು. ಲಾಂಛನದಲ್ಲಿ ಹಗ್ಗವಿದೆ, ಗೂಟವಿದೆ. ತೋಟಗಾರ ಮಾತ್ರ ಇಲ್ಲ.

ಮಗುವಿನ ಮೂಳೆ ದೊಡ್ಡವರ ಮೂಳೆಯ ಚಿಕ್ಕ ಪ್ರತಿಯಲ್ಲ. ಉದ್ದ ಮೂಳೆಗಳ ತುದಿಯ ಬಳಿ ‘ಬೆಳವಣಿಗೆಯ ಫಲಕ’ ಎಂದು ಕರೆಯಲಾಗುವ ಮೃದ್ವಸ್ಥಿಯ ತೆಳುಪದರವಿದ್ದು, ಮೂಳೆ ಉದ್ದವಾಗುವುದು ಅಲ್ಲಿಂದಲೇ; ಅದಕ್ಕೆ ಪೆಟ್ಟಾದರೆ ಅಥವಾ ಸೋಂಕು ತಗುಲಿದರೆ ಗಾಯ ವಾಸಿಯಾದ ಎಷ್ಟೋ ವರ್ಷಗಳ ನಂತರ ಕೈಯೋ ಕಾಲೋ ಗಿಡ್ಡವಾಗಿ ಇಲ್ಲವೆ ಸೊಟ್ಟವಾಗಿ ಉಳಿಯಬಹುದು. ಇದೇ ಬೆಳವಣಿಗೆ ಮಗುವಿಗೆ ವರವೂ ಹೌದು: ಹಸುಗೂಸಿನ ಮುರಿದ ತೊಡೆಮೂಳೆ ಎರಡು ಮೂರು ವಾರಗಳಲ್ಲೇ ಕೂಡಿಕೊಳ್ಳುತ್ತದೆ, ಮತ್ತು ಹುಟ್ಟಿನಿಂದಲೇ ತಿರುಚಿದ ಪಾದವನ್ನು ಮೊದಲ ತಿಂಗಳುಗಳಲ್ಲಿ ಬಹುಮಟ್ಟಿಗೆ ಕೈಯಿಂದಲೇ ತಿದ್ದಬಹುದು.

ಈ ಬಗೆಯ ಶುಶ್ರೂಷೆಗೆ ಒಂದು ಶಿಸ್ತಿನ ರೂಪ ಕೊಟ್ಟವರಲ್ಲಿ ಇಂಗ್ಲೆಂಡಿನ ಆಗ್ನೆಸ್ ಹಂಟ್ ಅವರ ಹೆಸರು ಮೊದಲು ಬರುತ್ತದೆ. 1866ರಲ್ಲಿ ಹುಟ್ಟಿ, ಬಾಲ್ಯದಲ್ಲೇ ಮೂಳೆಯ ಸೋಂಕಿನಿಂದ ಸೊಂಟದ ಕೀಲು ಕೆಟ್ಟು ಕುಂಟಾಗಿ, ಆ ಕುಂಟುಗಾಲಿನಲ್ಲೇ ಶುಶ್ರೂಷೆಯ ತರಬೇತಿ ಮುಗಿಸಿದ ಅವರು 1900ರಲ್ಲಿ ಶ್ರಾಪ್‌ಶೈರ್ ಪ್ರಾಂತದ ಬಾಸ್‌ಚರ್ಚ್ ಎಂಬ ಹಳ್ಳಿಯಲ್ಲಿ ಅಂಗವೈಕಲ್ಯವುಳ್ಳ ಮಕ್ಕಳಿಗಾಗಿ ಆರೈಕೆಮನೆಯೊಂದನ್ನು ತೆರೆದರು. ಅಲ್ಲಿಗೆ ಬರುತ್ತಿದ್ದವರಲ್ಲಿ ಹೆಚ್ಚಿನವರು ಮೂಳೆ ಕ್ಷಯದ ಮಕ್ಕಳು. ಕ್ಷಯಕ್ಕೆ ಔಷಧಿಯೇ ಇಲ್ಲದಿದ್ದ ಕಾಲದಲ್ಲಿ ತೆರೆದ ಗಾಳಿ, ಬಿಸಿಲು, ಒಳ್ಳೆಯ ಊಟ, ಸರಿಯಾದ ಭಂಗಿಯಲ್ಲಿ ದೀರ್ಘ ವಿಶ್ರಾಂತಿ ಇವೇ ಅವರ ಕೈಯಲ್ಲಿದ್ದ ಮದ್ದು. ಲಿವರ್‌ಪೂಲಿನ ಹೆಸರಾಂತ ಶಸ್ತ್ರವೈದ್ಯ ರಾಬರ್ಟ್ ಜೋನ್ಸ್ ಅವರು ಮುಂದೆ ಈ ಹಳ್ಳಿಗೇ ಬಂದು ಶಸ್ತ್ರಕ್ರಿಯೆ ನಡೆಸತೊಡಗಿದರು. ಮನೆಗೆ ಹೋದ ಮಕ್ಕಳು ಪಟ್ಟಿ, ಆಧಾರಪಟ್ಟಿಗಳ ನಿಗಾ ತಪ್ಪಿ ಮತ್ತೆ ಹಳೆಯ ಸ್ಥಿತಿಗೇ ಮರಳುತ್ತಿದ್ದುದನ್ನು ಕಂಡ ಹಂಟ್ ಅವರು ಸುತ್ತಲಿನ ಊರುಗಳಲ್ಲಿ ನಂತರದ ಆರೈಕೆಯ ಕೇಂದ್ರಗಳನ್ನು ಕಟ್ಟಿದ್ದು ಶಸ್ತ್ರಕ್ರಿಯೆಯಷ್ಟೇ ದೊಡ್ಡ ಸುಧಾರಣೆ ಎನ್ನಬೇಕು. ಅವರು ಎದುರಿಸಿದ ಆ ಸಮಸ್ಯೆ ಇಂದಿಗೂ ಮುಗಿದಿಲ್ಲವೆಂಬುದಕ್ಕೆ ಸೊಟ್ಟಪಾದದ ಚಿಕಿತ್ಸೆ ಸ್ಪಷ್ಟ ನಿದರ್ಶನ.

ಸೊಟ್ಟಪಾದವೆಂದರೆ ಹುಟ್ಟುವಾಗಲೇ ಪಾದ ಒಳಮುಖವಾಗಿ ತಿರುಗಿ, ಅಂಗಾಲು ಒಳಗೆ ನೋಡುತ್ತ, ಹಿಮ್ಮಡಿ ಮೇಲಕ್ಕೆ ಎಳೆದುಕೊಂಡಿರುವ ಸ್ಥಿತಿ. ಸುಮಾರು ಸಾವಿರಕ್ಕೆ ಒಂದರಂತೆ ಕಾಣಿಸಿಕೊಳ್ಳುವ ಈ ದೋಷ ಗಂಡುಮಕ್ಕಳಲ್ಲಿ ಹೆಣ್ಣುಮಕ್ಕಳಿಗಿಂತ ಎರಡರಷ್ಟು ಹೆಚ್ಚು. ಅರ್ಧದಷ್ಟು ಮಕ್ಕಳಲ್ಲಿ ಎರಡೂ ಪಾದಗಳಲ್ಲಿರುತ್ತದೆ. ಸ್ಪೇನಿನಲ್ಲಿ ಹುಟ್ಟಿ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿ ದುಡಿದ ಇಗ್ನಾಸಿಯೊ ಪೊನ್ಸೆಟಿ ಅವರು 1940ರ ದಶಕದ ಕೊನೆಯಿಂದ ರೂಪಿಸಿದ ವಿಧಾನದಲ್ಲಿ ದೊಡ್ಡ ಶಸ್ತ್ರಕ್ರಿಯೆಯಿಲ್ಲ. ವಾರಕ್ಕೊಮ್ಮೆ ಪಾದವನ್ನು ಮೆಲ್ಲನೆ ತಿರುಗಿಸಿ, ತಿದ್ದಿದಷ್ಟನ್ನು ಬೆರಳಿನಿಂದ ತೊಡೆಸಂದಿಯವರೆಗಿನ ಪ್ಲಾಸ್ಟರ್ ಪಟ್ಟಿಯಲ್ಲಿ ಹಿಡಿದಿಟ್ಟು, ಐದಾರು ಪಟ್ಟಿಗಳ ನಂತರ ಹಿಮ್ಮಡಿಯ ಸ್ನಾಯುರಜ್ಜುವನ್ನು ಸಣ್ಣದೊಂದು ಗಾಯದ ಮೂಲಕ ಕತ್ತರಿಸಿ, ಅದು ಉದ್ದವಾಗಿ ಮತ್ತೆ ಬೆಳೆಯುವವರೆಗೆ ಮೂರು ವಾರ ಕೊನೆಯ ಪಟ್ಟಿ ಹಾಕಿದರೆ ಪಾದ ನೆಟ್ಟಗಾಗುತ್ತದೆ. ಅನುಭವಸ್ಥ ಶುಶ್ರೂಷಕಿಯರು ಪಟ್ಟಿ ಹಾಕುವ ಹೊತ್ತಿಗೇ ಮಗುವಿಗೆ ಹಸಿವಾಗುವಂತೆ ನೋಡಿಕೊಂಡು, ಪಟ್ಟಿ ಸುತ್ತುತ್ತಿರುವಾಗಲೇ ಹಾಲು ಕೊಡಿಸುತ್ತಾರೆ. ಹಾಲು ಹೀರುವ ಮಗುವಿನ ಕಾಲು ಸಡಿಲವಾಗಿರುತ್ತದೆ, ಅಳುವ ಮಗುವಿನ ಕಾಲು ವೈದ್ಯರ ಕೈಗೆ ಎದುರು ಒದೆಯುತ್ತದೆ. ಹಿಂದಿನ ರಾತ್ರಿಯೇ ಮನೆಯಲ್ಲಿ ಪಟ್ಟಿ ನೆನೆಸಿ ಬಿಚ್ಚಿದರೆ ಬೆಳಗಾಗುವುದರೊಳಗೆ ಪಾದ ಸ್ವಲ್ಪ ಹಿಂದಕ್ಕೆ ತಿರುಗುವುದರಿಂದ, ಆಸ್ಪತ್ರೆಯಲ್ಲೇ ಬಿಚ್ಚಿ ಕೂಡಲೇ ಹೊಸದನ್ನು ಹಾಕುವುದು ಮೇಲು. ಆರು, ಹತ್ತು ಮತ್ತು ಹದಿನಾಲ್ಕನೆಯ ವಾರದ ಲಸಿಕೆಗಳ ಚುಚ್ಚುಮದ್ದನ್ನು ತೊಡೆಗೆ ಕೊಡುವುದರಿಂದ, ಆ ದಿನಗಳನ್ನು ಪಟ್ಟಿ ಬದಲಿಸುವ ದಿನಕ್ಕೆ ಹೊಂದಿಸಿಕೊಳ್ಳುವ ಬಗ್ಗೆ ಮೊದಲೇ ವೈದ್ಯರೊಡನೆ ಮಾತಾಡಿಕೊಳ್ಳುವುದು ಕೂಡ ಶುಶ್ರೂಷಕಿಯ ಲೆಕ್ಕಕ್ಕೇ ಬರುವ ಕೆಲಸ.

ಪಾದ ನೆಟ್ಟಗಾಯಿತು ಎಂದು ಮನೆಯವರು ಸಮಾಧಾನಪಡುವ ಗಳಿಗೆಯಲ್ಲೇ ನಿಜವಾದ ಕಷ್ಟ ಆರಂಭವಾಗುತ್ತದೆ. ಎರಡು ಬೂಟುಗಳನ್ನು ಒಂದು ಅಡ್ಡಪಟ್ಟಿಗೆ ಹೊರಮುಖವಾಗಿ ಜೋಡಿಸಿದ ಸಾಧನವನ್ನು ಮಗು ಮೊದಲ ಮೂರು ತಿಂಗಳು ದಿನಕ್ಕೆ 23 ಗಂಟೆಯೂ, ಅನಂತರ ನಾಲ್ಕು ವರ್ಷ ತುಂಬುವವರೆಗೆ ರಾತ್ರಿ ಮತ್ತು ಹಗಲಿನ ನಿದ್ದೆಯಲ್ಲೂ ತೊಟ್ಟಿರಬೇಕು. ಈ ಸಾಧನವನ್ನು ಕೈಬಿಟ್ಟಾಗಲೇ ಪಾದ ಮತ್ತೆ ಸೊಟ್ಟಗಾಗುವುದು ಹೆಚ್ಚು. ಮಗು ಮೊದಲ ಎರಡು ಮೂರು ರಾತ್ರಿ ಅಳುತ್ತದೆ. ಅಜ್ಜಿಗೆ ಕರುಳು ಚುರ್ರೆನ್ನುತ್ತದೆ. ನೆಟ್ಟಗಿರುವ ಕಾಲಿಗೆ ಈ ಬೇಡಿ ಏಕೆ ಎಂಬ ಮಾತು ನೆರೆಮನೆಯಿಂದ ಬರುತ್ತದೆ. ಇದಕ್ಕೆ ಉತ್ತರ ಕೊಡಬೇಕಾದವರು ತಾಯಿ, ಮತ್ತು ಆಕೆಗೆ ಉತ್ತರವನ್ನು ಕಲಿಸಿಕೊಡಬೇಕಾದವರು ಶುಶ್ರೂಷಕಿ. ಬೂಟಿನೊಳಗೆ ಹಿಮ್ಮಡಿ ತಳಕ್ಕೆ ಕೂತಿದೆಯೇ, ಹತ್ತಿಯ ಕಾಲುಚೀಲ ಸುಕ್ಕಿಲ್ಲದೆ ಇದೆಯೇ, ಚರ್ಮದ ಮೇಲಿನ ಕೆಂಪು ಗುರುತು ಸ್ವಲ್ಪ ಹೊತ್ತಿನಲ್ಲಿ ಮಾಯವಾಗುತ್ತದೆಯೇ ಅಥವಾ ಬೊಬ್ಬೆಗೆ ತಿರುಗುತ್ತಿದೆಯೇ ಎಂಬುದನ್ನು ತೋರಿಸಿಕೊಟ್ಟು, ಮನೆಗೆ ಕಳಿಸುವ ಮುನ್ನ ತಾಯಿಯ ಕೈಯಿಂದಲೇ ಎರಡು ಮೂರು ಸಲ ತೊಡಿಸಿ ಬಿಚ್ಚಿಸಿ ನೋಡಬೇಕು. ಬೊಬ್ಬೆಗಳು ಏಳುವುದು ಬೂಟು ಬಿಗಿಯಾದಾಗ ಮಾತ್ರವಲ್ಲ. ಸಡಿಲವಾಗಿ ಪಾದ ಒಳಗೆ ಜಾರಾಡಿದಾಗಲೂ ಏಳುತ್ತವೆ ಎಂಬುದನ್ನು ಬಿಡಿಸಿ ಹೇಳದಿದ್ದರೆ, ಬೊಬ್ಬೆ ಕಂಡ ತಾಯಿ ಸಹಜವಾಗಿಯೇ ಬೂಟಿನ ಪಟ್ಟಿಯನ್ನು ಇನ್ನಷ್ಟು ಸಡಿಲಿಸುತ್ತಾಳೆ.

ಇಲ್ಲಿ ಇನ್ನೊಂದು ಹೊರೆಯನ್ನೂ ಇಳಿಸಬೇಕಾಗುತ್ತದೆ. ಇಂಥ ಮಗು ಹುಟ್ಟಿದರೆ ಬಸಿರಿನಲ್ಲಿ ತಾಯಿ ಗ್ರಹಣ ನೋಡಿದ್ದೇ ಕಾರಣವೆಂಬ ನಂಬಿಕೆ ಕರ್ನಾಟಕದ ಊರುಗಳಲ್ಲಿ ಇನ್ನೂ ಉಸಿರಾಡುತ್ತಿದೆ. ಸೊಟ್ಟಪಾದಕ್ಕೂ ಗ್ರಹಣಕ್ಕೂ ಯಾವ ಸಂಬಂಧವೂ ಇಲ್ಲವೆಂಬುದನ್ನು ತಾಯಿಯೊಬ್ಬಳಿಗೇ ಹೇಳಿದರೆ ಸಾಲದು, ಅತ್ತೆಯೂ ಗಂಡನೂ ಎದುರಿಗಿರುವಾಗ ಹೇಳಬೇಕು. ತಪ್ಪಿತಸ್ಥಳೆನಿಸಿಕೊಂಡ ಹೆಂಗಸು ನಾಲ್ಕು ವರ್ಷ ಒಂದು ಸಾಧನವನ್ನು ಹಟಹಿಡಿದು ತೊಡಿಸಬಲ್ಲಳೆಂದು ನಿರೀಕ್ಷಿಸುವುದು ನ್ಯಾಯವಲ್ಲ.

ಪ್ಲಾಸ್ಟರ್ ಪಟ್ಟಿಯ ವಿಷಯಕ್ಕೆ ಬಂದರೆ, ಡಚ್ ಸೇನೆಯ ವೈದ್ಯ ಆಂಟೋನಿಯಸ್ ಮಥೈಸನ್ ಅವರು 1852ರಲ್ಲಿ ಬಟ್ಟೆಗೆ ಜಿಪ್ಸಮ್ ಪುಡಿ ಉಜ್ಜಿ ತಯಾರಿಸಿದ ಪಟ್ಟಿಯನ್ನು ಪ್ರಕಟಪಡಿಸಿದಂದಿನಿಂದ ಅದರ ಮೂಲಗುಣ ಬದಲಾಗಿಲ್ಲ. ನೀರು ತಾಗಿದಾಗ ಆ ಪುಡಿ ಬಿಸಿಯಾಗುತ್ತ ಗಟ್ಟಿಯಾಗುತ್ತದೆ, ಆದರೆ ಪೂರ್ತಿ ಒಣಗಲು ಒಂದೆರಡು ದಿನ, ದಪ್ಪ ಪಟ್ಟಿಗೆ ಮೂರು ದಿನವೂ ಬೇಕು. ಅಷ್ಟರವರೆಗೆ ಪಟ್ಟಿಯನ್ನು ಬೆರಳ ತುದಿಯಿಂದ ಹಿಡಿಯದೆ ಅಂಗೈಯಿಂದ ಎತ್ತಬೇಕು; ಬೆರಳು ಒತ್ತಿದ ಕುಳಿ ಒಳಗೆ ಗುಬುಟಾಗಿ ನಿಂತು ಚರ್ಮವನ್ನು ಕೊರೆಯುತ್ತದೆ. ಮಕ್ಕಳು ಪಟ್ಟಿಯೊಳಗೆ ಬಳಪ, ಹುಣಿಸೆಬೀಜ, ನಾಣ್ಯ ತುರುಕುವುದುಂಟು. ಬೆಲ್ಲದ ಚೂರೋ ಬಿಸ್ಕತ್ತಿನ ಪುಡಿಯೋ ಬಿದ್ದರೆ ಇರುವೆಯ ಸಾಲೇ ಹೊರಡುತ್ತದೆ. ತುರಿಕೆಗೆ ಕಡ್ಡಿ ಹಾಕುವುದಂತೂ ಗಾಯಕ್ಕೆ ನೇರ ದಾರಿ. ಪಟ್ಟಿಯ ಒಂದೇ ಜಾಗ ಬೆಚ್ಚಗಿದ್ದರೆ, ದುರ್ವಾಸನೆ ಬಂದರೆ, ಕಲೆ ಕಾಣಿಸಿದರೆ ಒಳಗೆ ಹುಣ್ಣಾಗಿರಬಹುದೆಂದು ತಿಳಿಯಬೇಕು.

ಇವೆಲ್ಲಕ್ಕಿಂತ ಭಯಂಕರವಾದದ್ದು ಸ್ನಾಯುಚೀಲದೊಳಗಿನ ಒತ್ತಡ. ಕೈಕಾಲುಗಳ ಸ್ನಾಯುಗಳು ಹಿಗ್ಗದ ಪೊರೆಯ ಚೀಲಗಳಲ್ಲಿ ಕೂತಿರುತ್ತವೆ. ಪೆಟ್ಟಿನಿಂದ ಬಾವು ಬಂದು, ಹೊರಗಿನಿಂದ ಬಿಗಿಯಾದ ಕಟ್ಟೂ ಒತ್ತಿದರೆ ಒಳಗಿನ ಒತ್ತಡವೇರಿ ರಕ್ತ ಹರಿಯುವುದು ನಿಲ್ಲುತ್ತದೆ, ಕೆಲವೇ ಗಂಟೆಗಳಲ್ಲಿ ಸ್ನಾಯು ಸಾಯತೊಡಗುತ್ತದೆ. ಮಾವಿನ ಮರದಿಂದಲೋ ಜಾರುಬಂಡೆಯಿಂದಲೋ ಬಿದ್ದು ಮೊಣಕೈಯ ಮೇಲ್ಭಾಗ ಮುರಿದುಕೊಂಡ ಐದಾರು ವರ್ಷದ ಮಕ್ಕಳಲ್ಲಿ ಈ ಅಪಾಯ ವಿಶೇಷವಾದದ್ದು. ಹೀಗೆ ಸತ್ತ ಸ್ನಾಯು ಮುದುಡಿ ಬೆರಳುಗಳು ಕೊಕ್ಕೆಯಂತೆ ಮಡಿಸಿಕೊಳ್ಳುವ ಸ್ಥಿತಿಯನ್ನು ಜರ್ಮನಿಯ ವೈದ್ಯ ಫೋಲ್ಕ್‌ಮನ್ ಅವರು 1881ರಲ್ಲಿ ವಿವರಿಸಿದರು, ಮತ್ತು ಅದು ಇಂದಿಗೂ ಅವರ ಹೆಸರಿನಿಂದಲೇ ಕರೆಯಿಸಿಕೊಳ್ಳುತ್ತದೆ. ಬಿದಿರಿನ ದಬ್ಬೆಯನ್ನು ಬಿಗಿದು ಕಟ್ಟುವ ನಾಟಿ ಕಟ್ಟಿನಲ್ಲಿ ಈ ದುರಂತ ನಡೆಯುತ್ತದೆಂಬುದು ನಿಜ. ಆಸ್ಪತ್ರೆಯ ಪಟ್ಟಿಯಲ್ಲೂ, ರಾತ್ರಿ ಪಾಳಿಯಲ್ಲಿ ನೋಡುವವರಿಲ್ಲದಿದ್ದರೆ, ನಡೆಯುತ್ತದೆಂಬುದೂ ಅಷ್ಟೇ ನಿಜ.

ಪುಸ್ತಕಗಳು ಇದರ ಲಕ್ಷಣಗಳನ್ನು ನೋವು, ಬಿಳಿಚಿಕೊಳ್ಳುವುದು, ಜೋಮು, ನಾಡಿ ಸಿಗದಿರುವುದು, ಚಲನೆ ನಿಲ್ಲುವುದು ಎಂದು ಸಾಲಾಗಿ ಕೊಡುತ್ತವೆಯಾದರೂ, ಮಕ್ಕಳಲ್ಲಿ ಕೊನೆಯ ಲಕ್ಷಣಗಳು ಕಾಣುವ ಹೊತ್ತಿಗೆ ಕಾಲ ಮಿಂಚಿರುತ್ತದೆ. ಹೆಚ್ಚುತ್ತ ಹೋಗುವ ಚಡಪಡಿಕೆ, ಕಾರಣ ಹೇಳಲಾಗದ ಗಾಬರಿ, ಕೊಟ್ಟ ನೋವಿನ ಮದ್ದು ಸಾಲದೆ ಮತ್ತೆ ಮತ್ತೆ ಬೇಕಾಗುವುದು, ಈ ಮೂರೇ ಮಗುವಿನ ಮೊದಲ ಮಾತು. ಬೆರಳನ್ನು ಮೆಲ್ಲನೆ ನೀಡಿಸಿದಾಗ ನೋವು ಚೀರುವಷ್ಟಾದರೆ ಸಂಶಯ ಗಟ್ಟಿಯಾಗುತ್ತದೆ. ಉಗುರನ್ನು ಒತ್ತಿ ಬಿಟ್ಟಾಗ ಎರಡು ಸೆಕೆಂಡಿನೊಳಗೆ ಕೆಂಪು ಮರಳುತ್ತದೆಯೇ ಎಂದು ನೋಡುವುದರ ಜೊತೆಗೆ, ಹೆಬ್ಬೆರಳು ಎತ್ತಿಸಿ, ಹೆಬ್ಬೆರಳು ತೋರುಬೆರಳುಗಳ ತುದಿ ಕೂಡಿಸಿ ಉಂಗುರ ಮಾಡಿಸಿ, ಬೆರಳುಗಳನ್ನು ಅಗಲಿಸಿ ಆಟದಂತೆ ಪರೀಕ್ಷಿಸಿದರೆ ಕೈಯ ಮೂರು ಮುಖ್ಯ ನರಗಳೂ ಕೆಲಸ ಮಾಡುತ್ತಿವೆಯೇ ಎಂಬುದು ತಿಳಿಯುತ್ತದೆ. ಬಾವು ಇಳಿಯಲೆಂದು ಸಾಮಾನ್ಯವಾಗಿ ಕೈಕಾಲನ್ನು ಎತ್ತರಿಸಿ ಇಡುವುದುಂಟು. ಆದರೆ ಈ ಒತ್ತಡದ ಸಂಶಯ ಬಂದಾಗ ಹೃದಯದ ಮಟ್ಟಕ್ಕಿಂತ ಮೇಲೆತ್ತಬಾರದು, ಏಕೆಂದರೆ ಉಳಿದಿರುವ ಅಲ್ಪ ರಕ್ತವೂ ತಲುಪದಂತಾಗುತ್ತದೆ. ವೈದ್ಯರನ್ನು ಕರೆಸಿ ಪಟ್ಟಿಯನ್ನು ಒಳಗಿನ ಹತ್ತಿಯ ಸಮೇತ ಚರ್ಮ ಕಾಣುವವರೆಗೆ ಸೀಳಿಸಬೇಕು. ಅದರಿಂದಲೂ ನೋವು ಇಳಿಯದಿದ್ದರೆ ಸ್ನಾಯುಪೊರೆಯನ್ನೇ ಬಿಡಿಸುವ ತುರ್ತು ಶಸ್ತ್ರಕ್ರಿಯೆ ಬೇಕಾಗುತ್ತದೆ. ಮೂಳೆ ಮತ್ತೆ ಜರುಗೀತೆಂಬ ಅಂಜಿಕೆಯಿಂದ ಬೆಳಗಿನವರೆಗೆ ಕಾಯುವುದಕ್ಕಿಂತ ದೊಡ್ಡ ತಪ್ಪಿಲ್ಲ: ಜರುಗಿದ ಮೂಳೆಯನ್ನು ಮತ್ತೊಮ್ಮೆ ಕೂಡಿಸಬಹುದು.

ಸೊಂಟದ ಕೀಲಿನ ವಿಷಯದಲ್ಲಿ ಕನ್ನಡನಾಡಿನ ಬಾಣಂತನದ ರೂಢಿಗಳು ಎರಡು ದಿಕ್ಕಿಗೆ ಎಳೆಯುತ್ತವೆ. ಕೆಲವು ಶಿಶುಗಳಲ್ಲಿ ತೊಡೆಮೂಳೆಯ ಗುಂಡು ಸೊಂಟದ ಗೂಡಿನಲ್ಲಿ ಭದ್ರವಾಗಿ ಕೂತಿರುವುದಿಲ್ಲ. ಕಾಲುಗಳು ಮಡಿಸಿ ಅಗಲವಾಗಿದ್ದರೆ ಗೂಡು ಆಳವಾಗಿ ಬೆಳೆಯುತ್ತದೆ, ನೇರವಾಗಿ ಜೋಡಿಸಿ ಬಿಗಿದರೆ ಗುಂಡು ಹೊರಜಾರುತ್ತದೆ. ಎಣ್ಣೆನೀರಿನ ನಂತರ ಮಗುವಿನ ಕಾಲು ನೆಟ್ಟಗಾಗಲೆಂದು ಎರಡೂ ಕಾಲು ಜೋಡಿಸಿ ಬಟ್ಟೆಯಲ್ಲಿ ಬಿಗಿಯಾಗಿ ಸುತ್ತುವುದು ಈ ದೃಷ್ಟಿಯಿಂದ ಹಾನಿಕರ. ಕುತ್ತಿಗೆ ನಿಂತ ಮಗುವನ್ನು ಸೊಂಟದ ಮೇಲೆ ಕಾಲು ಅಗಲಿಸಿ ಕೂರಿಸಿಕೊಳ್ಳುವುದು ಅಷ್ಟೇ ಹಿತಕರ. ಗುಂಡನ್ನು ಗೂಡಿನಲ್ಲೇ ಹಿಡಿದಿಡಲೆಂದು ಎದೆಯಿಂದ ಕಾಲುಗಳವರೆಗೆ ಇಳಿಯುವ ‘ಸ್ಪೈಕಾ’ ಪಟ್ಟಿ ಹಾಕಿದ ಮಗುವಿನ ಆರೈಕೆಯಲ್ಲಿ ಮಲಮೂತ್ರಗಳಿಂದ ಪಟ್ಟಿ ನೆನೆಯದಂತೆ ಕಾಯುವುದೇ ಅರ್ಧ ಕೆಲಸ. ಚಿಕ್ಕ ಡಯಾಪರನ್ನು ಪಟ್ಟಿಯ ಅಂಚಿನೊಳಗೆ ಸೇರಿಸಿ ಅದರ ಮೇಲೆ ದೊಡ್ಡದನ್ನು ಕಟ್ಟಿ, ತಲೆಯ ಕಡೆಯನ್ನು ಸ್ವಲ್ಪ ಎತ್ತರಿಸಿದರೆ ಮೂತ್ರ ಕೆಳಕ್ಕೆ ಹರಿಯುತ್ತದೆ. ಎರಡು ಕಾಲುಗಳ ನಡುವಿನ ಅಡ್ಡಕೋಲನ್ನು ಹಿಡಿಕೆಯಂತೆ ಹಿಡಿದು ಮಗುವನ್ನು ಮಗ್ಗುಲು ತಿರುಗಿಸಬಾರದು.

ಚಲನೆಯ ದೋಷಗಳಲ್ಲಿ ಸಂಖ್ಯೆಯಲ್ಲೂ ಕಷ್ಟದಲ್ಲೂ ದೊಡ್ಡದು ಸೆರೆಬ್ರಲ್ ಪಾಲ್ಸಿ. ಬೆಳೆಯುವ ಮಿದುಳಿಗೆ ಹುಟ್ಟಿಗೆ ಮೊದಲೋ, ಹೆರಿಗೆಯ ಆಸುಪಾಸಿನಲ್ಲೋ, ಶೈಶವದಲ್ಲೋ ಆದ ಹಾನಿಯಿಂದ ಭಂಗಿ ಮತ್ತು ಚಲನೆ ಕೆಡುವ ಸ್ಥಿತಿ. ಮಿದುಳಿನ ಹಾನಿ ಹೆಚ್ಚುವುದಿಲ್ಲ, ಆದರೆ ಬಿಗಿದ ಸ್ನಾಯುಗಳ ನಡುವೆ ಮೂಳೆ ಬೆಳೆಯುತ್ತ ಹೋಗುವುದರಿಂದ ಕೀಲುಗಳ ತೊಂದರೆ ವರ್ಷದಿಂದ ವರ್ಷಕ್ಕೆ ಹೆಚ್ಚಬಹುದು. ಇದನ್ನು 1861ರಲ್ಲಿ ವಿಸ್ತಾರವಾಗಿ ವಿವರಿಸಿದ ಲಂಡನ್ನಿನ ವೈದ್ಯ ವಿಲಿಯಂ ಲಿಟಲ್ ಅವರೇ ಬಾಲ್ಯದ ಪೋಲಿಯೋದಿಂದ ಸೊಟ್ಟಪಾದವುಳ್ಳವರಾಗಿದ್ದು, ಜರ್ಮನಿಯ ಹ್ಯಾನೋವರ್‌ನಲ್ಲಿ ಸ್ನಾಯುರಜ್ಜು ಕತ್ತರಿಸಿಕೊಂಡು ಗುಣವಾದವರೆಂಬುದು ಈ ಶಾಸ್ತ್ರದ ಇತಿಹಾಸದಲ್ಲೊಂದು ವಿಶೇಷ. ನಾಲ್ಕು ತಿಂಗಳಾದರೂ ಕುತ್ತಿಗೆ ನಿಲ್ಲದಿರುವುದು, ಹೆಬ್ಬೆರಳು ಸದಾ ಮುಷ್ಟಿಯೊಳಗಿರುವುದು, ವರ್ಷ ತುಂಬುವ ಮುನ್ನವೇ ಮಗು ಒಂದೇ ಕೈಯನ್ನು ಬಳಸುವುದು ಅಂಗನವಾಡಿ ಕಾರ್ಯಕರ್ತೆಯ ಕಣ್ಣಿಗೂ ಬೀಳಬಹುದಾದ ಸುಳಿವುಗಳು.

ಈ ಮಕ್ಕಳ ಶುಶ್ರೂಷೆಯಲ್ಲಿ ಔಷಧಿಗಿಂತ ಮೊದಲು ಬರುವುದು ಊಟ. ಮಗುವನ್ನು ಕಾಲ ಮೇಲೆ ಅಂಗಾತ ಮಲಗಿಸಿಕೊಂಡು ಒಳಲೆಯಿಂದ ಹಾಲನ್ನೋ ಗಂಜಿಯನ್ನೋ ಸುರಿಯುವ ಹಳೆಯ ಕ್ರಮ ಇವರಿಗೆ ಪ್ರಾಣಾಪಾಯಕಾರಿ. ತಲೆ ಹಿಂದಕ್ಕೆ ವಾಲಿದಾಗ ಶ್ವಾಸನಾಳದ ಬಾಯಿ ತೆರೆದುಕೊಂಡು ಆಹಾರ ಪುಪ್ಪುಸಕ್ಕೆ ಇಳಿಯುತ್ತದೆ, ಮತ್ತು ಪದೇ ಪದೇ ಕಾಡುವ ನ್ಯುಮೋನಿಯಾದ ಮೂಲ ಎಷ್ಟೋ ಸಲ ಇದೇ ಆಗಿರುತ್ತದೆ. ಮಗುವನ್ನು ನೆಟ್ಟಗೆ ಕೂರಿಸಿ, ಗದ್ದ ಸ್ವಲ್ಪ ಕೆಳಗಿರುವಂತೆ ತಲೆಯನ್ನು ಮುಂದಕ್ಕೆ ಬಾಗಿಸಿ, ಉಣಿಸುವವರು ಮಗುವಿನ ಕಣ್ಣಿನ ಮಟ್ಟದಲ್ಲಿ ಎದುರಿಗೆ ಕೂತು, ನೀರಾದ ಗಂಜಿಗಿಂತ ಮಂದವಾದ ರಾಗಿ ಮಣ್ಣಿಯಂಥದನ್ನು ಚಪ್ಪಟೆ ಚಮಚದಲ್ಲಿ ನಾಲಿಗೆಯ ಮೇಲಿಟ್ಟು, ಒಂದು ತುತ್ತು ನುಂಗಿದ ಮೇಲೆಯೇ ಮತ್ತೊಂದನ್ನು ಕೊಡಬೇಕು. ಒಂದೊಂದು ಊಟಕ್ಕೆ ಮುಕ್ಕಾಲು ಗಂಟೆ ಹಿಡಿಯುವುದುಂಟು. ಹೊಲಗೆಲಸಕ್ಕೆ ಹೋಗುವ ತಾಯಿಗೆ ದಿನಕ್ಕೆ ಎಷ್ಟು ಮುಕ್ಕಾಲು ಗಂಟೆಗಳಿವೆ ಎಂದು ಕೇಳದೆ ಉಪದೇಶ ಮಾಡುವುದರಿಂದ ಫಲವಿಲ್ಲ. ನುಂಗುವ ತೊಂದರೆಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆ ತಜ್ಞರ ಸಲಹೆ ದೊರೆಯುತ್ತದೆ. ಕತ್ತರಿಯಂತೆ ಹೆಣೆದುಕೊಳ್ಳುವ ಕಾಲುಗಳ ಮಗುವನ್ನು ಸೊಂಟದ ಮೇಲೆ ಕಾಲು ಅಗಲಿಸಿ ಎತ್ತಿಕೊಳ್ಳುವುದು ಇಲ್ಲಿಯೂ ಒಳ್ಳೆಯದು. ಕೂರಿಸಲು ದುಬಾರಿ ಕುರ್ಚಿ ಸಿಗುವವರೆಗೆ ಗೋಡೆಯ ಮೂಲೆ ಮತ್ತು ಸುರುಳಿ ಸುತ್ತಿದ ಕಂಬಳಿ ಸಾಕಾಗುತ್ತದೆ. ಎಣ್ಣೆ ನೀವುವುದಕ್ಕೆ ಅಡ್ಡಿಯಿಲ್ಲ, ಆದರೆ ಬಿಗಿದ ಕೀಲನ್ನು ಬಲವಂತದಿಂದ ಬಗ್ಗಿಸಿದರೆ, ನಡೆಯದೆ ಸವೆದ ಮೂಳೆ ಮುರಿದೇ ಹೋಗಬಹುದು.

ಎತ್ತಿಕೊಳ್ಳುವ ಬಗೆ ಕೂಡ ಕಾಯಿಲೆಯಿಂದ ಕಾಯಿಲೆಗೆ ಬದಲಾಗುತ್ತದೆ. ಗಂಡುಮಕ್ಕಳಲ್ಲಿ ಸ್ನಾಯುಗಳು ಕ್ರಮೇಣ ಕ್ಷೀಣಿಸುವ ಡುಷೆನ್ ರೋಗದಲ್ಲಿ ಭುಜದ ಸ್ನಾಯುಗಳು ಸೋತಿರುವುದರಿಂದ, ಕಂಕುಳಿಗೆ ಕೈಹಾಕಿ ಎತ್ತಿದರೆ ಹುಡುಗ ಕೈಯಿಂದ ಜಾರಿಹೋಗುತ್ತಾನೆ. ಮುಟ್ಟಿದರೆ ಮುರಿಯುವಂಥ ಮೂಳೆಗಳ ಜನ್ಮರೋಗದಲ್ಲಿ ಬಟ್ಟೆ ಬದಲಿಸುವಾಗ ಹಿಮ್ಮಡಿ ಹಿಡಿದು ಎತ್ತದೆ ಕುಂಡೆಯ ಕೆಳಗೆ ಅಂಗೈ ಕೊಟ್ಟು ಎತ್ತಬೇಕು. ಮಕ್ಕಳ ಸಂಧಿವಾತದಲ್ಲಿ ಬೆಳಗಿನ ಬಿಗಿತಕ್ಕೆ ಬಿಸಿನೀರಿನ ಸ್ನಾನ ಹಿತವಾದದ್ದು. ಅದರಲ್ಲಿ ಕಣ್ಣಿನ ಉರಿಯೂತವು ಕೆಂಪೂ ನೋವೂ ಇಲ್ಲದೆ ಬರುವುದರಿಂದ, ದೂರು ಇಲ್ಲದಿದ್ದರೂ ಕಣ್ಣಿನ ಪರೀಕ್ಷೆಯನ್ನು ತಪ್ಪಿಸಬಾರದು.

ನೋವನ್ನು ಹೇಳಿಕೊಳ್ಳಲಾರದ ಮಕ್ಕಳಿಗಾಗಿ ಮುಖ, ಕಾಲು, ಚಟುವಟಿಕೆ, ಅಳು, ಸಮಾಧಾನವಾಗುವಿಕೆ ಎಂಬ ಐದನ್ನು ನೋಡಿ ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಡುವ ‘ಫ್ಲ್ಯಾಕ್’ ಮಾಪನ ಬಳಕೆಯಲ್ಲಿದೆ. ಸೆರೆಬ್ರಲ್ ಪಾಲ್ಸಿಯ ಮಗುವಿನಲ್ಲಿ ಕಾಲಿನ ಬಿಗಿತ ದಿನನಿತ್ಯದ್ದೇ ಆಗಿರುವುದರಿಂದ, ಆ ಮಗು ನೋವಿನಲ್ಲಿ ಏನು ಮಾಡುತ್ತದೆಂದು ತಾಯಿಯನ್ನು ಕೇಳಿ ಮಾಪನದ ಹಾಳೆಯಲ್ಲೇ ಬರೆದಿಟ್ಟುಕೊಳ್ಳುವುದು ಕ್ರಮ. ಶುಶ್ರೂಷಕಿ ತಾಯಿಗೆ ಕಲಿಸುವ ಸಂದರ್ಭಗಳ ನಡುವೆ, ತಾಯಿಯಿಂದ ಕಲಿಯಬೇಕಾದ ಇಂಥ ಸಂದರ್ಭಗಳೂ ಇವೆ.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳನ್ನು ತಪಾಸಣೆ ಮಾಡುವ ವ್ಯವಸ್ಥೆಯಿದ್ದು, ಸೊಟ್ಟಪಾದ, ಸೊಂಟದ ಕೀಲಿನ ದೋಷ, ಚಲನೆಯ ವಿಳಂಬ ಇವು ಅದರ ಪಟ್ಟಿಯಲ್ಲಿವೆ; 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಗುರುತಿಸುವ 21 ವೈಕಲ್ಯಗಳಲ್ಲಿ ಸೆರೆಬ್ರಲ್ ಪಾಲ್ಸಿಯೂ ಸ್ನಾಯುಕ್ಷಯವೂ ಸೇರಿವೆ. ಸವಲತ್ತುಗಳ ಕೊರತೆಗಿಂತ ಹೆಚ್ಚಾಗಿ ಕಾಡುವುದು ದೂರ ಮತ್ತು ಕೂಲಿ. ಬೆಳೆಯುವ ಪಾದಕ್ಕೆ ಕೆಲವು ತಿಂಗಳಿಗೊಮ್ಮೆ ದೊಡ್ಡ ಬೂಟು ಬೇಕು, ಅದಕ್ಕಾಗಿ ಜಿಲ್ಲಾ ಕೇಂದ್ರಕ್ಕೆ ಹೋದರೆ ಎರಡು ಆಳಿನ ಒಂದು ದಿನದ ಕೂಲಿ ಹೋಗುತ್ತದೆ, ಹೋದ ದಿನ ಆ ಅಳತೆಯ ಬೂಟು ಇಲ್ಲದಿದ್ದರೆ ಮತ್ತೆ ಹೋಗುವ ಮನಸ್ಸೇ ಬರುವುದಿಲ್ಲ. ಆದರೆ ಪ್ರತಿ ಮಗುವೂ ಹದಿನಾಲ್ಕನೆಯ ವಾರಕ್ಕೆ, ಒಂಬತ್ತನೆಯ ತಿಂಗಳಿಗೆ, ಹದಿನಾರರಿಂದ ಇಪ್ಪತ್ತನಾಲ್ಕನೆಯ ತಿಂಗಳೊಳಗೆ ಲಸಿಕೆಗಾಗಿ ಊರಿನಲ್ಲೇ ಆರೋಗ್ಯ ಸಹಾಯಕಿಯ ಮುಂದೆ ಬರುತ್ತದೆ, ಮತ್ತು ಇವು ಮೂರೂ ಬಹುಮಟ್ಟಿಗೆ ಸಾಧನ ತೊಡುವ ಅವಧಿಯಲ್ಲೇ ಬೀಳುವ ದಿನಗಳು. ಆ ದಿನ ಬೂಟನ್ನೂ ತರಬೇಕೆಂದು ‘ತಾಯಿ ಕಾರ್ಡ್’ನಲ್ಲಿ ಒಂದು ಸಾಲು ಬರೆದಿಟ್ಟರೆ, ಬೆರಳುಗಳು ಬೂಟಿನ ಅಂಚು ದಾಟಿವೆಯೇ, ಹಿಮ್ಮಡಿಯಲ್ಲಿ ಬೊಬ್ಬೆಯಿದೆಯೇ, ಪಾದ ಮತ್ತೆ ಒಳಕ್ಕೆ ತಿರುಗುತ್ತಿದೆಯೇ ಎಂಬುದನ್ನು ಲಸಿಕೆಯ ನಂತರ ಕಾಯುವ ಅರ್ಧ ಗಂಟೆಯೊಳಗೇ ನೋಡಿ ಮುಗಿಸಬಹುದು.